ಕಾಪುವಿನ ಸ್ಟಾಂಪ್ ಪುಸ್ತಿಕೆ

ಗೆಳೆಯರೇ, ನಯಾಪೈಸೆ ಬಂದ ಮೇಲೆ ಅಂಚೆ ಕಚೇರಿಯಲ್ಲಿ ಮಾರುತ್ತಿದ್ದ ಆಣೆಯ ಸ್ಟಾಂಪ್ ಪುಸ್ತಿಕೆಗಳು ಇಡಿಯಾಗಿ ಸಿಗುವುದೇ ಕಷ್ಟವಾಗಿದೆ. ನನ್ನ ಸಂಗ್ರಹ ಪೂರ್ತಿಯಾಗಲು ಬೇಕಿದ್ದ ಕೊನೆಯದು ಕಾಪುವಿನ ಸಿಸಿಲಿ ಬಾಯಮ್ಮನ ಬಳಿ ಇತ್ತು. ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಇವತ್ತು ಬನ್ನಂಜೆಯಿಂದ ಬಸ್ಸು ಹತ್ತಿ ಹೋಗಿ, ಬಿಡಿಸಿ ನೋಡಿದರೆ ಅದರಲ್ಲಿ ಒಂದು ಸ್ಟಾಂಪು ಕಡಿಮೆ!

“ಎಂತ ಬಾಯಮ್ಮ ಇದು, ಯಾರು ಹರಿದದ್ದು?”

“ನಾನೇ ಮಾಷ್ಟ್ರೇ. ಬೆಳಿಗ್ಗೆ ಅದನ್ನು ಹಚ್ಚಿ ಕಾರ್ಕಳದ ಅಣ್ಣನಿಗೆ ಕಾಗದ ಹಾಕಿದೆ.”

“ಅಷ್ಟು ಅವಸರ ಎಂತ ಇತ್ತು?”

“ನಿಮಗೋಸ್ಕರವೇ ಅಲ್ವಾ! ಅವನ ಹತ್ತಿರವೂ ಇಂಥದ್ದೇ ಪುಸ್ತಕ ಉಂಟು. ಒಂದೂ ಹರಿಯದೆ ಮಾಷ್ಟ್ರಿಗೆ ಕೊಡು ಅಂತ ಬರೆದಿದ್ದೇನೆ.”

ಬಂದ ಸಿಟ್ಟು ಅಲ್ಲೇ ನಗುವಾಯಿತು. ನಾಳೆ ಮೊದಲ ಬಸ್ಸಿಗೇ ಕಾರ್ಕಳಕ್ಕೆ ಹೊರಡುತ್ತೇನೆ. ಅಣ್ಣ ತಂಗಿಗೆ ಉತ್ತರ ಬರೆಯಲು ಕೂರುವ ಮೊದಲು ಅಲ್ಲಿಗೆ ಮುಟ್ಟಬೇಕು.