ಗಾರೆ ಸಿಂಹಗಳ ಕೆಳಗೆ

ರಾಜಾನುಕುಂಟೆಯ ರಸ್ತೆಬದಿಯ ಹಳೆಯ ಮಂಟಪದಡಿ ಬಸ್ಸಿಗೆ ಕಾಯುತ್ತಿದ್ದೆ. ಸೂರಿನ ಮೇಲಿದ್ದ ಗಾರೆ ಸಿಂಹವೊಂದರ ತಲೆ ಕಳಚಿ, ಹೂ ಮಾರುವ ಸಾಕಮ್ಮನ ಭುಜ ಸವರಿಕೊಂಡು ಬಿತ್ತು. ಇದನ್ನು ಬರೆಯುವಾಗಲೂ ಆ ಸದ್ದು ಕಿವಿಯಲ್ಲಿದೆ. ತುಂಡನ್ನು ಮುಟ್ಟಿದರೆ, ಹೊಳೆಯುವ ಬಣ್ಣದ ಒಳಗಿಂದ ಗಾರೆ ಹಿಟ್ಟಿನಂತೆ ಉದುರಿತು.

"ಲಾರಿ ಹೊಗೆಗೆ ಕಪ್ಪಾಗೋಗ್ತವೆ ಅಂತ ವರ್ಷಾ ವರ್ಷಾ ಪೇಂಟ್ ಹೊಡಿಸ್ತೀವಿ ಮೇಡಂ," ಎಂದರು ಮಂಟಪ ನೋಡಿಕೊಳ್ಳುವ ಗೌಡರು, ಹೆಮ್ಮೆಯಿಂದ.

"ಹೊಗೆ ಗಾರೆನೇ ತಿಂದ್ಬಿಟ್ಟಿದೆ ಸಾರ್. ಇನ್ನೂ ಮೂರು ಸಿಂಹ ಮೇಲಿವೆ. ಕೆಳಗೆ ಯಾರನ್ನೂ ಕೂರಿಸ್ಬೇಡಿ."

"ಏನೂ ಆಗ್ಲಿಲ್ವಲ್ಲ, ಬಿಡಿ."

ನಾನೇ ಸಾಕಮ್ಮನ ಕೈಹಿಡಿದು ಹೊರಗೆಳೆದೆ. ಆಕೆ ಕೈ ಬಿಡಿಸಿಕೊಂಡಳು.

"ಬಿಸ್ಲಲ್ಲಿ ಹೂ ಬಾಡೋಗ್ತವೆ ಕಣಮ್ಮ," ಎಂದು ಬುಟ್ಟಿಯನ್ನು ಪಕ್ಕದ ಸಿಂಹದ ಕೆಳಗೆ ಸರಿಸಿದಳು. "ಇದು ಗಟ್ಟಿ ಐತೆ. ಮೊನ್ನೆ ತಾನೆ ಬಣ್ಣ ಹೊಡ್ದವ್ರೆ."