ಅಮ್ಮ ಇದ್ರು

ಕಾರವಾರದ ನಮ್ಮ ಮನೆಗೆ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಅವರ್ಸಾದಿಂದ ಒಬ್ಬ ಹೆಂಗಸು ಬರುತ್ತಿದ್ದರು. ಕೆಲಸದ ನಡುವೆ ಬಂದು ಅತ್ತೆಯ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದು ಅವರ ರೂಢಿ.

ಅವರು ಬಂದ ಮೊದಲ ವಾರವೇ ಅತ್ತೆಗೆ ಉಬ್ಬಸ ಏರಿತು. ನಾನು ಪಾಠ ಮಾಡುವ ಅಂಕೋಲೆಯ ಶಾಲೆಯಿಂದ ಫೋನ್ ಮಾಡಿ, “ಅತ್ತೆ ಹೇಗಿದ್ದಾರೆ?” ಎಂದೆ.

“ಅಮ್ಮ ಇದ್ರು, ಅಕ್ಕೋರೆ.”

ಮೈಸೂರಿನಿಂದ ಮದುವೆಯಾಗಿ ಬಂದ ನನಗೆ ಅದು ತೀರಿಹೋದವರ ಬಗ್ಗೆ ಆಡುವ ಮಾತಾಗಿ ಕೇಳಿಸಿತು. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಮನೆಯಲ್ಲಿ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. “ಹೋಗಿಬಿಟ್ಟರಾ?” ಎಂದು ಆ ಹೆಂಗಸನ್ನು ಕೇಳಿದೆ.

“ಇದ್ರು ಅಂದ್ನಲ್ರಾ. ಇಲ್ದಿದ್ರೆ ಇಲ್ಲ ಅಂತಿದ್ದೆ.”

ಇಲ್ಲಿಯವರ ‘ಇದ್ರು’ ಎಂದರೆ ‘ಇದ್ದಾರೆ’ ಎಂದು ಆಗ ತಿಳಿಯಿತು. ನಗುತ್ತಲೇ ಅವರು ನನ್ನ ಬೆರಳನ್ನು ಅತ್ತೆಯ ಮೂಗಿನ ಹತ್ತಿರ ಒಯ್ದರು. ಉಸಿರು ತಾಗಿತು; ನಾನು ಕೈ ತೆಗೆದ ಮೇಲೆ ಅವರೂ ಇನ್ನೊಮ್ಮೆ ಬೆರಳು ಹಿಡಿದು ನೋಡಿದರು.