ಅಟ್ಟದ ಮೇಲಿಟ್ಟ ಕಿವಿಯಂತ್ರ

ಚಿಕ್ಕಗೌರಮ್ಮ ಟೀಚರನ್ನು ಕೊಬ್ಬರಿಯಂತೆ ದರ್ಜೆ ಹಾಕುವುದಾದರೆ ಗಾತ್ರ ಸಣ್ಣದು, ಮೇಲೆ ಹೊಳಪಿಲ್ಲ, ದನಿಯಂತೂ ಒಡೆದ ಚಿಪ್ಪು. ಹರಾಜಿನಲ್ಲಿ ನಾನು ಎರಡನೆಯ ಸಲ ತಿರುಗಿ ನೋಡುವ ಸರಕಲ್ಲ. ಎಂಬತ್ತೆರಡನೇ ಇಸವಿಯಲ್ಲಿ ಹಂದನಕೆರೆ ಬಸ್ಸಿನಲ್ಲಿ ನಮ್ಮೂರ ಶಾಲೆಗೆ ಬಂದರು. ಹಿಂದಿನ ಸಾಲಿನಲ್ಲಿ ಮಂಕಾಗಿ ಕೂರುತ್ತಿದ್ದ ನನ್ನ ಮಗಳು ಗಿರಿಜಾಂಬಿಕಾಗೆ ಕಿವಿ ಕೇಳಿಸದೆಂದು ಮೊದಲು ಕಂಡುಹಿಡಿದವರು ಅವರೇ. ಬೆಂಗಳೂರಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿ ಕಿವಿಯಂತ್ರ ಕೊಡಿಸಿದರು. ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಡಬ್ಬಿ. ರವಿಕೆಗೆ ಜೇಬು ಹೊಲಿದು ಅದರಲ್ಲಿಡಬೇಕು, ಅಲ್ಲಿಂದ ಕಿವಿಗೆ ತಂತಿ.

ಮರುವಾರ ನನ್ನ ಕೊಬ್ಬರಿ ಮಂಡಿಗೆ ಬಂದು ಹಳೇ ಗೋಣಿಚೀಲ ಕೇಳಿದರು.

“ಶಾಲೇಲೂ ಕೊಬ್ಬರಿ ವ್ಯಾಪಾರ ಶುರು ಮಾಡಿದ್ರಾ ಟೀಚರಮ್ಮ?” ಅಂದೆ.

“ನೆಲಕ್ಕೆ ಹಾಸೋಕೆ ಕಣ್ರೀ. ಬೆಂಚು ಎಳೆದ್ರೆ ಆ ಡಬ್ಬಿ ಒಳಗೆ ಗುಡುಗು. ನನ್ನ ಮಾತು ಎಲ್ಲಿ ಕೇಳುತ್ತೆ? ಚೀಲಾನೂ ಹರಾಜು ಹಾಕ್ತೀರೇನು?”

ಕೊಟ್ಟೆ. ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವುದನ್ನು ಅವರು ಬಿಟ್ಟರು; ಮಕ್ಕಳಿಗೂ ಒಬ್ಬೊಬ್ಬರಾಗಿ ಮಾತಾಡುವುದನ್ನು ಕಲಿಸಿದರು. ಗಿರಿಜ ಮೊದಲ ಸಾಲಿನಲ್ಲಿ ಕುಳಿತು ಮಗ್ಗಿ ಒಪ್ಪಿಸತೊಡಗಿದಳು.

ಆ ಮಳೆಗಾಲದ ಒಂದು ಶನಿವಾರ ದಾರಿಯಲ್ಲಿ ಡಬ್ಬಿ ನೆನೆಯಿತು. ನಮ್ಮ ಮನೆಗಳಲ್ಲಿ ಒಣಗಬೇಕಾದದ್ದೆಲ್ಲ ಹೋಗುವುದು ಒಲೆಯ ಮೇಲಿನ ಅಟ್ಟಕ್ಕೆ. ನನ್ನ ತಾಯಿ ಸಿದ್ದಗಂಗಮ್ಮ ಅದನ್ನೂ ತೆಂಗಿನಕಾಯಿಗಳ ನಡುವೆ ಇಟ್ಟರು.

“ತ್ಯಾವ ಆಗಿತ್ತು ಕಣ್ಲಾ. ಕೊಬ್ಬರಿ ಒಣಗ್ಸೋ ಹೊಗೆ ಅದುನ್ನ ಒಣಗ್ಸಲ್ವಾ, ಬುಡು” ಅಂದರು.

ಸೋಮವಾರ ಇಳಿಸಿದಾಗ ಒಳಗೆಲ್ಲ ಮಸಿ ಕೂತಿತ್ತು, ತಂತಿ ಸುರುಟಿತ್ತು.

ಅಮ್ಮನನ್ನು ಬೈಯಲು ಟೀಚರು ಬಿಡಲಿಲ್ಲ. “ಹಾಳಾಗ್ಬಾರ್ದು ಅಂತ ತಾನೇ ಇಟ್ಟಿದ್ದು” ಎಂದು ಡಬ್ಬಿಯನ್ನು ಬೆಂಗಳೂರಿಗೆ ಒಯ್ದರು. ರಿಪೇರಿಯಾಗದು, ಹೊಸದಕ್ಕೆ ಕಾಯಬೇಕು ಎಂದರಂತೆ ಅಲ್ಲಿಯವರು. ನಾನು ದುಡ್ಡು ಹಿಡಿದು ಹೋದರೂ ತಿಪಟೂರಿನ ಅಂಗಡಿಯಲ್ಲಿ ಸಿಗುವ ಸರಕಲ್ಲ. ಟೀಚರು ಶಾಲೆ ಬಿಟ್ಟ ಮೇಲೆ ದನಿಯ ಅದುರು ತಿಳಿಯಲೆಂದು ಮಗುವಿನ ಕೈಯನ್ನು ತಮ್ಮ ಗಂಟಲ ಮೇಲಿಟ್ಟುಕೊಂಡು, ಕೊನೆಯ ಬಸ್ಸು ಬರುವವರೆಗೆ ಒಂದೊಂದೇ ಮಾತು ಕಲಿಸಿದರು.

ಹೊಸ ಯಂತ್ರ ಬರುವ ಮೊದಲೇ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಏಕಾಂತಯ್ಯ ಮೇಷ್ಟ್ರು ಧೂಳೆಂದು ಚೀಲಗಳನ್ನು ಸುತ್ತಿಸಿ ಮೂಲೆಗೆ ಹಾಕಿಸಿದರು, ಗಿರಿಜಳನ್ನು ಮತ್ತೆ ಹಿಂದಕ್ಕೆ ಕೂರಿಸಿದರು. ಕೊನೆಗೆ ಬಂದ ಯಂತ್ರದಲ್ಲಿ ಅವಳಿಗೆ ಕೇಳಿದ್ದು ಬರೀ ಗದ್ದಲ. ಅದನ್ನು ಬಿಚ್ಚಿಟ್ಟಳು, ಶಾಲೆಯನ್ನೂ ಬಿಟ್ಟಳು. ಈಗ ಮನೆಯಲ್ಲಿ ಕೊಬ್ಬರಿ ಆರಿಸುತ್ತಾಳೆ, ದಿನವಿಡೀ ಸುಮ್ಮನೆ.

ಊಟಕ್ಕೆ ಕರೆಯುವಾಗ ಮಾತ್ರ ಬಾಗಿಲಲ್ಲಿ ನಿಂತು “ಅಪ್ಪ” ಅನ್ನುತ್ತಾಳೆ. ಅದನ್ನು ಅವಳಿಗೆ ಕಲಿಸಿದವರು ಚಿಕ್ಕಗೌರಮ್ಮ. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.